ಫ್ಲಾಪಿಗೆ ಅಂಟುವಾಳದ ಸ್ನಾನ

ಕಳೆದ ತಿಂಗಳು ನಾನು ಒಂದು ಫ್ಲಾಪಿಗೆ ಸ್ನಾನ ಮಾಡಿಸಿದೆ.

ಅಂಟುವಾಳದ ನೀರಿನಲ್ಲಿ. ಮೂರು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿದೆ. ಇದನ್ನು ಬರೆಯುವಾಗ ನನಗೆ ಜ್ವರವಿಲ್ಲ. ಬಿಸಿಲಿಗೆ ತಲೆ ಕೆಟ್ಟಿಲ್ಲ. (ಎರಡನೆಯ ಮಾತನ್ನು ನನ್ನ ಹೆಂಡತಿ ಸರೋಜ ಒಪ್ಪುವುದಿಲ್ಲ. ಆದರೆ ಅಂಕಣ ಬರೆಯುವವನು ನಾನು.)

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆಯ ಮೂವರು ಹಿರಿಯರ ಪರಿಚಯವಿದೆ. ಹೊಸಬರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಹಿಂದೂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂರು ಹಳೆಯ ಕಂಪ್ಯೂಟರ್‌ಗಳಿವೆ. ಊರು ಬೇಡವೆಂದು ಹೊರಗಿಟ್ಟಿದ್ದನ್ನು ನಾನು ಒಳಗಿಟ್ಟುಕೊಂಡೆ. ವಯಸ್ಸಿನ ಪ್ರಕಾರ ಅವಕ್ಕೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಹೆಸರು. ದೊಡ್ಡಪ್ಪನಿಗೆ ಹಾರ್ಡ್ ಡಿಸ್ಕ್ ಎಂಬುದೇ ಇಲ್ಲ. ಎರಡು ಫ್ಲಾಪಿ ಡ್ರೈವ್, ಹಸಿರು ಅಕ್ಷರದ ಪರದೆ, ಸ್ವಿಚ್ ಹಾಕಿದರೆ ಹಿಟ್ಟಿನ ಗಿರಣಿಯ ಮುಂದೆ ನಿಂತ ಅನುಭವ. ಚಿಕ್ಕಪ್ಪನಿಗೆ ಹಾರ್ಡ್ ಡಿಸ್ಕ್ ಇದೆ, ಮನಸ್ಸು ಬಂದರೆ ತಿರುಗುತ್ತದೆ. ಸೋದರಮಾವ ಏನೂ ಕೆಲಸ ಮಾಡದೆ ಸುಮ್ಮನೆ ಕೂತಿರುತ್ತದೆ. (ಈ ಹೆಸರಿನಲ್ಲಿ ಯಾವ ದುರುದ್ದೇಶವೂ ಇಲ್ಲವೆಂದು ಸರೋಜಳ ಅಣ್ಣನ ಗಮನಕ್ಕೆ ತರುತ್ತೇನೆ.)

ಇವುಗಳಿಂದ ಏನು ಪ್ರಯೋಜನ? ಬಂದವರೆಲ್ಲ ಕೇಳುವ ಪ್ರಶ್ನೆ. ನಮ್ಮ ಬಜಾರಿನಲ್ಲಿ ಹೊಸ ಕಂಪ್ಯೂಟರ್ ಸೆಂಟರ್ ತೆರೆದಿರುವ ಮಹಾಶಯ ಒಮ್ಮೆ ದೊಡ್ಡಪ್ಪನ ಸುತ್ತ ಪ್ರದಕ್ಷಿಣೆ ಹಾಕಿ ಹೇಳಿದ: "ಸಾರ್, ದೀನ್ನಿ ಮ್ಯೂಜಿಯಂಲೋ ಪೆಟ್ಟೇಯಂಡಿ, ಮ್ಯೂಜಿಯಂಗೆ ಹಾಕ್ಬಿಡಿ. ಬಣ್ಣದ ಮಾನಿಟರ್ ಬಂದ್ಬುಟ್ಟೈತೆ, ಸೀಡಿ ಬಂದ್ಬುಟ್ಟೈತೆ, ನೀವಿನ್ನೂ ಇದನ್ನ ಒರೆಸ್ಕೊಂಡು ಕೂತಿದ್ದೀರಲ್ಲ!"

ಹೌದು, ಒರೆಸಿಕೊಂಡೇ ಕೂತಿದ್ದೇನೆ. ಅದೇ ಅದರ ಮೊದಲ ಪ್ರಯೋಜನ. ಹೊಸ ಯಂತ್ರ ಕೆಟ್ಟರೆ ಬೆಂಗಳೂರಿಗೆ ಹೋಗಬೇಕು. ದೊಡ್ಡಪ್ಪ ಕೆಟ್ಟರೆ ಒಂದು ಸ್ಕ್ರೂಡ್ರೈವರ್, ಸ್ವಲ್ಪ ಸ್ಪಿರಿಟ್, ಒಂದು ತುಂಡು ಹತ್ತಿ ಮತ್ತು ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಮುಚ್ಚಳ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಾರ್ಡನ್ನು ಎಳೆದು, ಅದರ ಅಂಚಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿ, ಮತ್ತೆ ಒತ್ತಿದರೆ ನೂರಕ್ಕೆ ಎಂಬತ್ತು ಕಾಯಿಲೆ ವಾಸಿ. ಒಮ್ಮೆ ರಬ್ಬರ್ ಸಿಗದೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಮನೆಯ ಹಿಂದೆಯೇ ಹುಣಸೆ ಗೋಡೌನು, ದೇವರ ಸಾಮಾನು ಅದರಿಂದ ಫಳಫಳ ಹೊಳೆಯುತ್ತವೆ, ಇದೇಕೆ ಹೊಳೆಯಬಾರದು? ಹೊಳೆಯಿತು. ಹೊಳೆದ ಮೇಲೆ ಇವತ್ತಿನವರೆಗೂ ಅದು ಮಾತಾಡಿಲ್ಲ. ಸೋದರಮಾವ ಸುಮ್ಮನೆ ಕೂತಿರುವುದಕ್ಕೆ ಇದೇ ಕಾರಣ. ಹಿಂದೂಪುರದವನಲ್ಲದೆ ಇನ್ನಾರು ಇಂಥ ತಪ್ಪು ಮಾಡಿಯಾರು?

ಎರಡನೆಯದು, ಮನಶ್ಶಾಂತಿ. ದೊಡ್ಡಪ್ಪ ಎದ್ದಾಗಲೆಲ್ಲ ಇವತ್ತು ತಾರೀಕು ಎಷ್ಟು ಎಂದು ಕೇಳುತ್ತದೆ. ಹೇಳದಿದ್ದರೆ ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು ಎಂದು ತಾನೇ ತೀರ್ಮಾನಿಸಿಕೊಳ್ಳುತ್ತದೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ದಿಕ್ಕು ತಪ್ಪುತ್ತವೆಂದು ಈಗ ಎಲ್ಲರೂ ಹೆದರಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಆ ಹೆದರಿಕೆ ಇಲ್ಲ. ನಮ್ಮಲ್ಲಿ ದಿನವೂ ಬೆಳಿಗ್ಗೆ ಹೊಸ ವರ್ಷ.

ಇಷ್ಟು ಹೇಳಿದರೂ ಯಾರೂ ಒಪ್ಪುತ್ತಿರಲಿಲ್ಲ. ಒಪ್ಪಿಸಲು ಕಲ್ಯಾಣದುರ್ಗದಿಂದ ಗೌರಮ್ಮ ಟೀಚರ್ ಬರಬೇಕಾಯಿತು.

ಕಲ್ಯಾಣದುರ್ಗಕ್ಕೂ ನನಗೂ ಹಳೆಯ ಸಂಬಂಧ. ಚಿಕ್ಕಪ್ಪ ಬಂದದ್ದು ಅಲ್ಲಿಂದಲೇ, ಅಲ್ಲಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದಾಗ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಕಂಡಕ್ಟರ್ ಬಂದು, "ಇದೇನು ಟೀವಿನಾ?" ಎಂದ. ಕಂಪ್ಯೂಟರ್ ಎಂದೆ. "ಮರಿ ಪಿಕ್ಚರ್ ರಾದಾ?" ಎಂದ. ಬರುವುದಿಲ್ಲ ಎಂದೆ. ಸಿನಿಮಾ ಬಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೂಪುರದವರೆಗೂ ಹೋಗುವವನನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದಲ್ಲಿದ್ದವರನ್ನು ಸರಿಸಿ, "ಪಾಪ, ಸಾರ್‌ಗೆ ಜಾಗ ಬಿಡ್ರಪ್ಪ" ಎಂದ. ಆ ದನಿಯನ್ನು ನಾನು ಆಸ್ಪತ್ರೆಗಳಲ್ಲಿ ಮಾತ್ರ ಕೇಳಿದ್ದೆ.

ಹೀಗೆ ನನ್ನ ಕೀರ್ತಿ ಆ ಊರಿನಲ್ಲಿ ಉಳಿದುಕೊಂಡಿತ್ತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು ನಿಂತಿದ್ದರು, ಇವರೇ ಗೌರಮ್ಮ ಟೀಚರ್. ಕೈಯಲ್ಲಿ ಸೀರೆಯ ರಟ್ಟಿನ ಡಬ್ಬ.

"ಸಾರ್, ಹಳೇ ಕಂಪ್ಯೂಟರ್ ಸಾಕೋರು ನೀವೇನಾ?"

ಸಾಕುವುದು! ಎಮ್ಮೆ ಸಾಕುವಂತೆ, ಕೋಳಿ ಸಾಕುವಂತೆ. ನನ್ನ ಹವ್ಯಾಸಕ್ಕೆ ಇಷ್ಟು ಸರಿಯಾದ ಪದ ನನಗೇ ಹೊಳೆದಿರಲಿಲ್ಲ. ಒಳಗೆ ಕರೆದು ಕೂರಿಸಿದೆ. ಡಬ್ಬ ತೆರೆದರು. ಒಳಗೆ ಸೀರೆ ಇರಲಿಲ್ಲ. ಒಂದು ದೊಡ್ಡ ಫ್ಲಾಪಿ ಇತ್ತು. ಅಂಗೈಗಿಂತ ಸ್ವಲ್ಪ ಅಗಲದ, ಹಪ್ಪಳದ ಹಾಗೆ ಬಾಗುವ, ಕಪ್ಪು ಚೌಕದ ಹಳೆಯ ಫ್ಲಾಪಿ. ಅದಕ್ಕೆ ಮೂರೆಳೆ ವಿಭೂತಿ. ನಡುವೆ ಹೆಬ್ಬೆರಳಗಲದ ಕುಂಕುಮ.

"ಯಾರಮ್ಮ ಇದಕ್ಕೆ ಬೊಟ್ಟಿಟ್ಟವರು?" ಎಂದೆ.

"ನಮ್ಮತ್ತೆ ಸಾರ್. ಆಯುಧಪೂಜೆ ದಿನ. ಪ್ರತಿ ವರ್ಷಾನೂ ಇಡ್ತಾರೆ."

ಫ್ಲಾಪಿಯ ಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಅದರೊಳಗೆ ಕಾಣುವ ಕಂದು ಬಣ್ಣದ ತಟ್ಟೆಯ ಮೇಲೆಯೇ ಸಕಲ ವಿಷಯವೂ ಬರೆದಿರುವುದು. ಅಲ್ಲಿಗೆ ಬೆರಳು ತಾಗಿಸಬಾರದು, ಉಸಿರು ಬಿಡಬಾರದು ಎಂದು ಶಾಸ್ತ್ರ. ಗೌರಮ್ಮನವರ ಅತ್ತೆ ಬಸಮ್ಮನವರು ಸರಿಯಾಗಿ ಆ ಕಿಂಡಿಯೊಳಗೇ ಬೊಟ್ಟಿಟ್ಟಿದ್ದರು. ಬೇರೆಲ್ಲಿ ಇಡುವುದು? ಹೊಲಿಗೆ ಯಂತ್ರಕ್ಕೆ ಹಣೆ ಇದೆ, ತಕ್ಕಡಿಗೆ ಹಣೆ ಇದೆ, ಇದಕ್ಕೂ ಎಲ್ಲಾದರೂ ಇರಲೇಬೇಕಲ್ಲ! ಹತ್ತು ವರ್ಷ, ಹತ್ತು ಬೊಟ್ಟು, ಒಂದೇ ಜಾಗ. ಗಾರೆಯ ಹಾಗೆ ಗಟ್ಟಿಯಾಗಿತ್ತು.

"ಇದರಲ್ಲಿ ಏನಿದೆ?" ಎಂದು ಕೇಳಿದೆ.

ಹಾಡುಗಳಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ಗೌರಮ್ಮನವರು ಅದೇ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಕಲಿಯಲು ಹೋಗಿದ್ದರಂತೆ. ಅಭ್ಯಾಸಕ್ಕೆ ಏನಾದರೂ ಟೈಪ್ ಮಾಡಬೇಕು. ಅವರು ಅತ್ತೆಯ ಸೋಬಾನೆ ಹಾಡುಗಳನ್ನು ಟೈಪ್ ಮಾಡಿದರು. ಕನ್ನಡ ಅಕ್ಷರ ಇಲ್ಲದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ. ಸಂಜೆ ಅತ್ತೆ ಹೇಳುವುದು, ಬೆಳಿಗ್ಗೆ ಸೊಸೆ ಬಡಿಯುವುದು. ಹೀಗೆ ಇಪ್ಪತ್ತಮೂರು ಹಾಡು. ಪ್ರಿಂಟ್ ತೆಗೆದಿದ್ದ ಕಾಗದವನ್ನು ಗೆದ್ದಲು ತಿಂದಿತ್ತು.

"ಅತ್ತೆಯವರೇ ಇದ್ದಾರಲ್ಲ, ಮತ್ತೆ ಹೇಳಿಸಿಕೊಂಡರಾಯಿತು."

ಗೌರಮ್ಮ ಸೆರಗಿನ ತುದಿ ನೋಡಿದರು.

"ಮಗಳ ಮದ್ವೆ ಸಾರ್, ಇನ್ನ ಹನ್ನೆಲ್ಡು ದಿನ ಐತೆ. ಹೆಣ್ಣೊಪ್ಪಿಸೋ ಹಾಡು ನಮ್ಮನೇಲಿ ಹಿರೇರೇ ಹೇಳ್ಬೇಕು, ಒಬ್ರೇ ಹೇಳ್ಬೇಕು. ಶುರು ಮಾಡಿ ಮಧ್ಯದಾಗೆ ನಿಲ್ಲಿಸಂಗಿಲ್ಲ, ಅಪಶಕುನ. ಒಂದ್ಸಲ ಹೇಳ್ನೋಡಿ ಅತ್ತೆ ಅಂದ್ರೆ, 'ನಿನ್ನ ಪೆಟ್ಟಿಗೇಲಿ ಹಾಕ್ಕೊಂಡಿದ್ದೀಯಲ್ಲ, ಅದನ್ನೇ ಕೇಳ್ಹೋಗು' ಅಂತಾರೆ. ಬೇರೆ ಯಾರ್ ಕೈಲಾದ್ರೂ ಹೇಳಿಸ್ತೀನಿ ಅಂದ್ರೆ, ಊಟ ಬಿಟ್ಬಿಡ್ತಾರೆ." ದನಿ ತಗ್ಗಿಸಿದರು. "ಅವರಿಗೆ ಮರೆವು ಶುರುವಾಗೈತೆ ಸಾರ್. ಅವರಿಗೂ ಗೊತ್ತು, ನಮಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ಬೀಗರ ಮುಂದೆ, ಅಷ್ಟು ಜನದ ಮುಂದೆ ನಿಂತುಹೋದ್ರೆ, ಅವರು ಆಮೇಲೆ ತಲೆ ಎತ್ತಲ್ಲ."

ಹೊಸ ಕಂಪ್ಯೂಟರ್‌ಗಳಿಗೆ ಈ ಫ್ಲಾಪಿ ಹಿಡಿಸುವ ಬಾಯಿಯೇ ಇಲ್ಲ. ಕಲ್ಯಾಣದುರ್ಗದಲ್ಲಿ ಕೇಳಿದರಂತೆ, ಅನಂತಪುರದಲ್ಲಿ ಕೇಳಿದರಂತೆ. ಎಲ್ಲರೂ ನಕ್ಕು ಕಳಿಸಿದ್ದರು. (ನಕ್ಕು ಕಳಿಸಿದ್ದೇ ಒಳ್ಳೆಯದಾಯಿತು. ಯಾರಾದರೂ ಉತ್ಸಾಹದಿಂದ ಹಾಗೆಯೇ ಒಳಗೆ ತಳ್ಳಿದ್ದರೆ ತಟ್ಟೆ ತಿರುಗಿ, ಬೊಟ್ಟು ಹರಡಿ, ಇಪ್ಪತ್ತಮೂರು ಹಾಡೂ ವಿಭೂತಿಯಲ್ಲಿ ಲೀನವಾಗುತ್ತಿದ್ದವು.)

ನಾನು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡು ಹತ್ತಿಗೆ ಸ್ಪಿರಿಟ್ ಅದ್ದಿದೆ. ಕಾಫಿ ತಂದ ಸರೋಜ ಲೋಟ ಇಟ್ಟು ನನ್ನ ಕೈ ಹಿಡಿದಳು.

"ರೇಷ್ಮೆ ಸೀರೆ ಮೇಲೆ ಕುಂಕುಮ ಬಿದ್ರೆ ಉಜ್ಜುತಾರೇನ್ರೀ? ಉಜ್ಜಿದ್ರೆ ಒಳಕ್ಕೆ ಹೋಗುತ್ತೆ. ನೆನೆಸಬೇಕು. ಅಂಟುವಾಳದ ನೀರಲ್ಲಿ."

"ಇದು ಸೀರೆ ಅಲ್ಲ."

"ಸೀರೆಗಿಂತ ನಾಜೂಕು ಅಂತ ನೀವೇ ತಾನೆ ಹೇಳೋದು?"

ಹದಿನೈದು ವರ್ಷ ಕಂಪ್ಯೂಟರ್ ಪುಸ್ತಕ ಓದಿದ ನಾನು ಹತ್ತಿಯನ್ನು ಕೆಳಗಿಟ್ಟೆ. ನಾನು ಒಂದು ತಿದ್ದುಪಡಿ ಮಾತ್ರ ಸೂಚಿಸಿದೆ. ನಲ್ಲಿ ನೀರು ಬೇಡ, ಹಿಂದೂಪುರದ ನೀರಿನಲ್ಲಿ ಉಪ್ಪು ಹೆಚ್ಚು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಲಾರಿ ಬ್ಯಾಟರಿ ಅಂಗಡಿಯ ಮಸ್ತಾನ್ ಸಾಬ್, "ಸಾರ್ ಗಾಡಿ ತಗಂಡ್ರಾ?" ಎಂದು ಸಂತೋಷಪಟ್ಟ. ಇಲ್ಲ, ಫ್ಲಾಪಿಗೆ ಸ್ನಾನ ಎಂದೆ. ಬಾಟಲಿ ಕೊಟ್ಟು ಬೇಗ ಒಳಗೆ ಹೋದ.

ಗೌರಮ್ಮನವರ ಎದುರಿನಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ಬ್ಲೇಡಿನಿಂದ ಕವಚದ ಒಂದು ಅಂಚು ಸೀಳಿ, ಒಳಗಿನ ತೆಳ್ಳನೆಯ ತಟ್ಟೆಯನ್ನು ಅಂಚು ಹಿಡಿದು ಹೊರತೆಗೆದೆ. ಸರೋಜ ಅದನ್ನು ಅಂಟುವಾಳದ ನೀರಿನ ಅಗಲವಾದ ಬೋಗುಣಿಯಲ್ಲಿ ತೇಲಿಬಿಟ್ಟಳು. ಅರ್ಧ ಗಂಟೆ ಮೂವರೂ ಅದನ್ನೇ ನೋಡುತ್ತ ಕೂತೆವು. ಮೊದಲು ವಿಭೂತಿ ಬಿಟ್ಟಿತು. ಆಮೇಲೆ ಕುಂಕುಮ ಪದರ ಪದರವಾಗಿ ಕರಗಿ ನೀರು ಕೆಂಪಾಯಿತು. ಕೊನೆಗೆ ಒಂದು ಹಳದಿ ಕಲೆ ಮಾತ್ರ ಉಳಿಯಿತು.

"ಅರಿಶಿಣ ಹೋಗಲ್ಲ. ಇರ್ಲಿ, ಶುಭ" ಎಂದಳು ಸರೋಜ.

ಹಪ್ಪಳ ಒಣಗಿಸುವ ಬಿಳಿ ಪಂಚೆಯ ಮೇಲೆ, ನೆರಳಿನಲ್ಲಿ, ಅದನ್ನು ಒಣಗಲು ಇಟ್ಟೆವು. ಪಕ್ಕದ ಮನೆಯ ನಾರಾಯಣಮ್ಮ ಗೋಡೆಯ ಮೇಲಿಂದ ಇಣುಕಿ, "ಏನಕ್ಕಾ, ಒಂದೇ ಹಪ್ಪಳ ಮಾಡಿದ್ದೀಯ? ಅದೂ ಮಾಡಿಪೋಯಿಂದಿ ಕದಾ!" ಎಂದರು. ಸೀದುಹೋದ ಹಪ್ಪಳವೆಂದೇ ಅವರು ಇಂದಿಗೂ ನಂಬಿದ್ದಾರೆ.

ಹೊಸ ಕವಚ ಬೇಕಿತ್ತು. ನನ್ನ ಹಳೆಯ ಅಂಕಣಗಳಿದ್ದ ಫ್ಲಾಪಿಯೊಂದನ್ನು ಸೀಳಿ ಅದರ ಕವಚ ತೊಡಿಸಿದೆ. (ಓದುಗರಿಗೆ ನಷ್ಟವೇನೂ ಇಲ್ಲ.)

ಗೌರಮ್ಮನವರಿಗೆ ಸಂಜೆ ಬಸ್ಸಿತ್ತು, ಹೊರಟರು. ಮರುದಿನ ಬೆಳಿಗ್ಗೆ ದೊಡ್ಡಪ್ಪನನ್ನು ಎಬ್ಬಿಸಿದೆ. ತಾರೀಕು ಕೇಳಿತು. ಅಂದು ಮಾತ್ರ ಸರಿಯಾದ ತಾರೀಕನ್ನೇ ಕೊಟ್ಟೆ, ಸಂದರ್ಭ ಅಂಥದ್ದು. ಫ್ಲಾಪಿ ಹಾಕಿ ಬಾಗಿಲು ಮುಚ್ಚಿದೆ. ಡ್ರೈವ್ ಕೆಮ್ಮಿತು, ಗೊರಗೊರ ಎಂದಿತು, ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಇಪ್ಪತ್ತಮೂರು ಹೆಸರುಗಳು ಮೂಡಿದವು. ಎಣ್ಣೆ ಒತ್ತುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಬೈಯುವ ಹಾಡು. ಸರೋಜ ಹಿಂದೆ ನಿಂತಿದ್ದಳು. ಮದುವೆಯಾದಾಗಿನಿಂದ ಅವಳು ಆ ಪರದೆಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಇಪ್ಪತ್ತೆರಡು ಹಾಡು ಸಲೀಸಾಗಿ ಬಂದವು. ಬಾರದ ಒಂದು ಯಾವುದೆಂದು ನೀವು ಈಗಾಗಲೇ ಊಹಿಸಿದ್ದೀರಿ.

ಹೆಣ್ಣೊಪ್ಪಿಸುವ ಹಾಡು ಅರ್ಧಕ್ಕೆ ಬಂದು ನಿಂತಿತು. ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ, ಬಿಟ್ಟುಬಿಡಲೇ ಎಂದು ದೊಡ್ಡಪ್ಪ ಇಂಗ್ಲಿಷಿನಲ್ಲಿ ವಿಚಾರಿಸಿತು. ಮತ್ತೆ ಪ್ರಯತ್ನಿಸು ಎಂದೆ. ಎಂದೆ, ಎಂದೆ, ಬೆರಳು ನೋಯುವವರೆಗೂ ಎಂದೆ. ಡ್ರೈವಿನ ತಲೆ ಒರೆಸಿ, ಅದು ತಣ್ಣಗಾಗಲು ಬಿಟ್ಟು, ಮತ್ತೆ ಕೇಳಿದೆ. ಹೊಸ ಯಂತ್ರವಾಗಿದ್ದರೆ ಎರಡನೆಯ ಸಲಕ್ಕೇ ಮುಖ ತಿರುಗಿಸುತ್ತಿತ್ತು. ನಮ್ಮ ದೊಡ್ಡಪ್ಪ ಮೂರು ದಿನ ಪಟ್ಟು ಹಿಡಿಯಿತು. ಎರಡು ನುಡಿ ಹೆಚ್ಚಿಗೆ ಕೊಟ್ಟಿತು, ಕೊನೆಯ ನುಡಿಯನ್ನೂ ಕೊಟ್ಟಿತು. ನಡುವೆ ನಾಲ್ಕು ಸಾಲು ಮಾತ್ರ ಎಷ್ಟು ಬೇಡಿದರೂ ಬರಲಿಲ್ಲ. ಬೊಟ್ಟಿನ ಕೆಳಗಿನ ಜಾಗ.

ಮದುವೆಗೆ ಒಂದು ವಾರವಿದ್ದಾಗ ಭಾನುವಾರ ನಾನೂ ಸರೋಜಳೂ ಪ್ರಿಂಟ್ ತೆಗೆದ ಕಾಗದದ ಮಡಿಕೆಯೊಂದಿಗೆ ಕಲ್ಯಾಣದುರ್ಗಕ್ಕೆ ಹೋದೆವು. ಬಸಮ್ಮನವರು ಜಗುಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ತೆಳ್ಳನೆಯ ಜೀವ. ಕಣ್ಣು ಮಾತ್ರ ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರರದು.

"ಓ, ಪೆಟ್ಟಿಗೆ ಸಾಕೋನು ನೀನೇನಾ? ಸನ್ನಗವ್ನಲ್ಲೇ ಗೌರಿ! ಬಾರಪ್ಪ, ಕುಂದ್ರು." ಅಡಿಕೆ ಕತ್ತರಿ ಕೆಳಗಿಟ್ಟರು. "ಎಲ್ಲಿ, ಏನ್ ಹೇಳ್ತು ನಿನ್ನ ಪೆಟ್ಟಿಗೆ? ಓದು ಕೇಳಾನ."

"ನಾನ್ ಓದ್ತೀನಿ ಅತ್ತೆ" ಎಂದರು ಗೌರಮ್ಮ.

"ನೀನ್ ಬ್ಯಾಡ. ನೀನಾದ್ರೆ ಅಲ್ಲಿಲ್ದಿದ್ದೂ ಸೇರಿಸ್ತೀಯ. ಅವ್ನೇ ಓದ್ಲಿ."

ಓದಿದೆ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕೂಡಿಸಿ ಕೂಡಿಸಿ ಓದುವಾಗ ರಾಗಕ್ಕೆ ಎಲ್ಲಿಯ ಬಿಡುವು? ಹಾಜರಿ ಕೂಗಿದ ಹಾಗೆ ಓದಿದೆ. ಎರಡು ಸಾಲು ಸಹಿಸಿಕೊಂಡರು. ಮೂರನೆಯದಕ್ಕೆ ಕೈ ಎತ್ತಿದರು.

"ಅಯ್ಯಯ್ಯಪ್ಪ, ನಿಲ್ಸೋ ಮಾರಾಯ! ಬಸ್ ಸ್ಟ್ಯಾಂಡಾಗೆ ಊರೂರು ಹೆಸ್ರು ಕೂಗ್ದಂಗೆ ಕೂಗ್ತೀಯಲ್ಲ. ಹೆಣ್ಣೊಪ್ಪಿಸ್ತಾ ಇದ್ದೀಯೋ, ಮಡಕಶಿರಾ ಬಸ್ಸಿಗೆ ಹತ್ತಿಸ್ತಾ ಇದ್ದೀಯೋ?"

ಮತ್ತೆ ಅವರೇ ಎತ್ತಿಕೊಂಡರು. ಒಡೆದ ದನಿ, ಆದರೆ ಜಾಗ ತಪ್ಪದ ದನಿ.

"ಮುತ್ತು ಅಳೆದ ಸೇರಿನಲ್ಲಿ ಮಗಳನಳೆದು ಕೊಡ್ತೀವಮ್ಮ
ಹೊತ್ತು ನೋಡಿ ಬೈಯಿರಮ್ಮ ಸೋಬಾನೆ..."

ನಾನು ಸಾಲಿನ ಮೊದಲ ಪದ ಹೇಳುವುದು, ಅವರು ಉಳಿದದ್ದನ್ನು ಹಾಡುವುದು. ಗೌರಮ್ಮನವರೂ ಸರೋಜಳೂ ಸೋಬಾನೆಗೆ ದನಿ ಸೇರಿಸಿದರು. ಹೀಗೆ ನಾಲ್ಕು ನುಡಿ ಸಾಗಿತು. ಐದನೆಯದರ ಜಾಗ ನನ್ನ ಕಾಗದದಲ್ಲಿ ಖಾಲಿ. ನಾನು ನಿಲ್ಲಿಸಿದೆ. ಅವರೂ ನಿಂತರು.

ಗೌರಮ್ಮ ನೆಲ ನೋಡುತ್ತಿದ್ದರು. ಬಸಮ್ಮನವರ ತುಟಿ ಅಲ್ಲಾಡುತ್ತಿತ್ತು, ಪದ ಬರುತ್ತಿರಲಿಲ್ಲ. ಅವರು ನನ್ನನ್ನು ನೋಡಿದರು. ಆ ಇನ್‌ಸ್ಪೆಕ್ಟರ್ ಕಣ್ಣಿನಲ್ಲಿ ಮೊದಲ ಸಲ ಹೆದರಿಕೆ ಕಂಡಿತು.

"ಏನಪ್ಪ, ಯಾಕೆ ನಿಲ್ಲಿಸ್ದೆ?"

ಏನು ಹೇಳಲಿ? ನೀವಿಟ್ಟ ಬೊಟ್ಟಿನಿಂದ ಹಾಳಾಯಿತು ಎನ್ನಲೇ? ಇದ್ದದ್ದರಲ್ಲಿ ಅರ್ಧ ಸತ್ಯ ಹೇಳಿದೆ.

"ನಮ್ಮ ಪೆಟ್ಟಿಗೆಗೆ ಇಲ್ಲಿಂದ ನಾಲ್ಕು ಸಾಲು ಮರೆತುಹೋಗಿದೆ ಕಣಮ್ಮ. ವಯಸ್ಸಾಯಿತು ನೋಡಿ. ಮೂರು ದಿನ ಕೇಳಿದೆ. ಜ್ಞಾಪಕ ಇಲ್ಲ ಅಂತ ಒಪ್ಪಿಕೊಂಡಿತು."

ಬಸಮ್ಮ ನನ್ನ ಕೈಯ ಕಾಗದದ ಕಡೆ ಬಾಗಿ ನೋಡಿದರು.

"ಅದಕ್ಕೂ ಮರೀತದಾ?"

"ಬೇಕಾದಷ್ಟು."

"ಒಪ್ಕಂತದಾ?"

"ಪರದೆ ಮೇಲೆ ಬರೆದೇ ತೋರಿಸುತ್ತೆ."

ಅವರು ಸೊಸೆಯ ಕಡೆ ತಿರುಗಿದರು. "ನೋಡ್ದೇನೇ ಗೌರಿ? ಕಂಪೂಟ್ರಿಗೇ ಮರೀತದಂತೆ." ಮತ್ತೆ, ದನಿ ಇಳಿಸಿ, ಅಡಿಕೆ ಚೂರುಗಳನ್ನು ಒಟ್ಟು ಮಾಡುತ್ತ, "ನಂಗೂ ಮರ್ತೋಯ್ತಾ ಐತೆ ಕಣೇ. ಉಗಾದಿಯಿಂದ. ನಿಂಗೆ ಹೇಳ್ಲಿಲ್ಲ."

"ಗೊತ್ತು ಬಿಡಿ ಅತ್ತೆ" ಎಂದರು ಗೌರಮ್ಮ. ಅತ್ತೆಯ ಪಕ್ಕಕ್ಕೆ ಸರಿದು ಕೂತರು.

ಅಂದು ನಾನು ಒಂದು ವಿಷಯ ಕಲಿತೆ. ಏನನ್ನೂ ಮರೆಯದ ಯಂತ್ರದ ಮುಂದೆ ಬಸಮ್ಮ ಹತ್ತು ಜನ್ಮಕ್ಕೂ ಈ ಮಾತು ಆಡುತ್ತಿರಲಿಲ್ಲ. ಹಳೆಯ ಕಂಪ್ಯೂಟರಿನ ಪ್ರಯೋಜನಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ ಎಂದು ಬಜಾರಿನ ಮಹಾಶಯರಲ್ಲಿ ವಿನಂತಿ.

ಅತ್ತೆ ಈಗ ಬೇರೆಯೇ ಹೆಂಗಸು. "ನಾಲ್ಕ್ ಸಾಲು ತಾನೆ? ಕಟ್ಕಂಡ್ರಾಯ್ತು. ನಮ್ಮತ್ತೆ ಕಟ್ಟಿರ್ಲಿಲ್ವಾ? ಬರ್ಕೊಳೇ ಗೌರಿ, ಈ ಸಲ ಕನ್ನಡದಾಗೇ ಬರ್ಕೊ" ಎಂದರು. ಸರೋಜ ಒಂದು ಪದ ಕೊಟ್ಟಳು, ಅದನ್ನು ತಳ್ಳಿಹಾಕಿದರು. ನಾನೊಂದು ಕೊಟ್ಟೆ, ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಒಂದು ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಸಾಲುಗಳು ಬಂದಿದ್ದವು.

"ಒಲೆಯ ಮುಂದೆ ಬೈದರೂನು ಉಣ್ಣೋ ಮುಂಚೆ ಮರೀರಮ್ಮ
ಉಣ್ಣೋ ಮುಂಚೆ ಮರೆತ ಮನೆಯು ಬೆಳಗಲಮ್ಮ ಸೋಬಾನೆ
ಅವಳು ಮರೆತು ಹಾಲುಕ್ಕಿಸಿದ್ರೆ ನೀವೂ ಒಂದು ಮರೀರಮ್ಮ
ಇಬ್ರೂ ಮರೆತ ಮನೆಯಾಗೆ ಜಗಳ ಎಲ್ಲೈತೆ ಸೋಬಾನೆ"

ಮದುವೆಗೆ ನಾವೂ ಹೋಗಿದ್ದೆವು. ಧಾರೆಯಾಗಿ, ಊಟವಾಗಿ, ಹೆಣ್ಣೊಪ್ಪಿಸುವ ಹೊತ್ತಿಗೆ ಬಸಮ್ಮ ಎದ್ದು ನಿಂತರು. ಪಕ್ಕದಲ್ಲಿ ಸೊಸೆ, ಕೈಯಲ್ಲಿ ಕಾಗದ, ಮುಚ್ಚುಮರೆ ಇಲ್ಲದೆ. ಎರಡು ಕಡೆ ತಡೆಯಿತು. ಎರಡು ಕಡೆಯೂ ಗೌರಮ್ಮ ಮೊದಲ ಪದ ಎತ್ತಿಕೊಟ್ಟರು, ಅತ್ತೆ ಉಳಿದದ್ದನ್ನು ಎಳೆದುಕೊಂಡು ಹೋದರು. ಹಾಡು ನಿಲ್ಲಲಿಲ್ಲ. ಹುಡುಗಿ ಅಳುವುದನ್ನು ಬಿಟ್ಟು ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಗಂಡಿನ ತಾಯಿ ಹತ್ತಿರ ಬಂದರು. ಇವರೂ ಹಾಡು ಬಲ್ಲವರಂತೆ. ಮುಖದಲ್ಲಿ ಗುಮಾನಿ.

"ಏನಮ್ಮಾ, ನಾನೂ ನಲವತ್ತು ವರ್ಷದಿಂದ ಈ ಹಾಡು ಹೇಳ್ತಾ ಇವ್ನಿ. ಬೈದ್ರೆ ಮರೀರಿ, ಹಾಲುಕ್ಕಿಸಿದ್ರೆ ಮರೀರಿ ಅನ್ನೋ ನುಡಿ ನಾ ಕೇಳೇ ಇಲ್ಲ. ಎಲ್ಲಿಂದ ಬಂತು?"

ಬಸಮ್ಮ ಕಣ್ಣು ಮಿಟುಕಿಸಲಿಲ್ಲ. ಬೆರಳು ನನ್ನ ಕಡೆ ತೋರಿಸಿದರು.

"ಕಂಪೂಟ್ರಾಗಿತ್ತು. ಅಕೋ, ಸಾರ್‌ನ ಕೇಳು."

ಬೀಗಿತ್ತಿ ನನ್ನತ್ತ ನೋಡಿದರು. ನಾನು ಅತ್ಯಂತ ಗಂಭೀರವಾಗಿ ತಲೆಯಾಡಿಸಿದೆ. ಅವರು "ಹಂಗಾದ್ರೆ ಸರಿ" ಎಂದು, ಸೊಸೆಯ ಕೈ ಹಿಡಿದುಕೊಂಡು, ಅದೇ ನುಡಿಯನ್ನು ಬಾಯಲ್ಲಿ ಗುನುಗುತ್ತ ಕಾರಿನ ಕಡೆ ಹೊರಟರು.

ಕಂಪ್ಯೂಟರ್ ಹೇಳಿದೆ ಎಂದ ಮೇಲೆ ತಕರಾರು ತೆಗೆಯುವ ಧೈರ್ಯ ಈ ಕಾಲದಲ್ಲಿ ಯಾವ ಅತ್ತೆಗಿದೆ, ಹೇಳಿ?